ಕಿಟಕಿಯ ಅಗಲ

ನನ್ನಾಕೆ ಕಿಟಕಿಗಳಿಗೆ ಪರದೆ ಹೊಲಿಯುತ್ತಿದ್ದಳು. ಬಟ್ಟೆಯ ಲೆಕ್ಕಕ್ಕೆಂದು ಕಂಪ್ಯೂಟರಿನಲ್ಲಿ ತಾನೇ ಒಂದು ಸ್ಪ್ರೆಡ್‌ಶೀಟ್ ಮಾಡಿಕೊಂಡಿದ್ದಳು. ಕಿಟಕಿಯ ಅಗಲ, ಎತ್ತರ ತುಂಬಿದರೆ ಸಾಕು. ನೆರಿಗೆ, ಮಡಿಕೆ ಎಲ್ಲ ಸೇರಿಸಿ ಎಷ್ಟು ಬಟ್ಟೆ ಬೇಕೆಂದು ಅದೇ ಹೇಳುತ್ತಿತ್ತು. ದೇವರು ಅವಳನ್ನು ಕರೆದುಕೊಂಡ ಮೇಲೆ ಆ ಹಾಳೆ ಸುಮ್ಮನೆ ಬಿದ್ದಿತ್ತು. ನಾಲ್ಕು ಜನಕ್ಕೆ ಉಪಯೋಗವಾಗಲಿ ಎಂದು ದರ್ಜಿಗಳ ವೆಬ್‌ಸೈಟೊಂದರಲ್ಲಿ ಹಾಕಿದೆ.

ಮರುದಿನ ಪ್ರಾರ್ಥನೆ ಮುಗಿಸಿ ಹಾಳೆ ತೆರೆದೆ. ನಾನು ಕೈಯಿಡದೆಯೇ ಅಗಲದ ಚೌಕದಲ್ಲಿದ್ದ ಅಂಕಿ ಅಳಿಸಿಹೋಗಿ ಬೇರೊಂದು ಮೂಡಿತು. ಕುರ್ಚಿ ಹಿಂದಕ್ಕೆ ಸರಿಸಿದೆ. ಆಮೇಲೆ ತಿಳಿಯಿತು: ಎಲ್ಲೋ ಯಾರೋ ತಮ್ಮ ಕಿಟಕಿಯ ಅಳತೆ ತುಂಬುತ್ತಿದ್ದಾರೆ.

ಅಂದಿನಿಂದ ಅದೇ ನನ್ನ ಒಡನಾಟವಾಯಿತು. ಊಟದ ತಟ್ಟೆಯನ್ನೂ ಅಲ್ಲಿಗೇ ತರುತ್ತಿದ್ದೆ. ಯಾರೋ ತುಂಬಿ, ಅಳಿಸಿ, ಮತ್ತೆ ತುಂಬುವಾಗ, ಅವಳೇ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಗೊಣಗುತ್ತಾ ಕೂತಂತೆ ಅನಿಸುತ್ತಿತ್ತು.

ಒಂದು ದಿನ ಹಾಳೆಯ ಕೆಳಗೆ ಒಬ್ಬ ದರ್ಜಿ ಬರೆದಿದ್ದ: "ಯಜಮಾನ್ರೇ, ಯಾವ ಕಿಟಕಿ ಕೊಟ್ರೂ ಇದು ಒಂದೇ ಉತ್ತರ ಹೇಳ್ತಿದೆ. ನಂಬಿ ಕತ್ತರಿಸಿದೆ. ಪರದೆ ಮೊಣಕಾಲಿಗೇ ನಿಂತುಹೋಯ್ತು."

ಮಗಳಿಗೆ ಫೋನ್ ಮಾಡಿದೆ. ಹಾಳೆ ನೋಡಿ ನಕ್ಕಳು.

"ಅಪ್ಪಾ, ಅಂಗಡಿ ಬಾಗಿಲೂ ತೆಗೆದು, ಕತ್ತರಿನೂ ಬೀದಿಗಿಟ್ಟಿದ್ದೀಯಲ್ಲ! ಯಾರು ಬೇಕಾದ್ರೂ ತಿದ್ದೋ ಹಾಗೆ ಹಾಕಿದ್ದೀಯ. ಯಾರೋ ಅಮ್ಮನ ಸೂತ್ರದ ಮೇಲೇ ಅಂಕಿ ಬರೆದುಬಿಟ್ಟಿದ್ದಾರೆ. ನಾನು ಸರಿಮಾಡಿ, ನಮ್ಮನ್ನ ಬಿಟ್ಟು ಯಾರೂ ತಿದ್ದದ ಹಾಗೆ ಬೀಗ ಹಾಕ್ತೀನಿ. ಬೇಕಾದೋರು ತಮಗೊಂದು ಪ್ರತಿ ಇಳಿಸ್ಕೊಳ್ಳಲಿ."

"ಆಗ ಅವರು ತುಂಬೋದು ನನಗೆ ಕಾಣುತ್ತಾ?"

"ನಿನಗ್ಯಾಕೆ ಕಾಣ್ಬೇಕು? ಕಂಡೋರ ಕಿಟಕಿ ಇಣುಕೋ ವಯಸ್ಸಾ ನಿಂದು?"

ನಾನು ನಗಲಿಲ್ಲ. ಅವಳೇ ಮೆಲ್ಲಗೆ, "ಹಾಗೇ ಬಿಡ್ಲಾ ಅಪ್ಪಾ?" ಎಂದಳು.

ಬಟ್ಟೆ ಹಾಳುಮಾಡಿಕೊಂಡ ಆ ದರ್ಜಿಯ ನೆನಪಾಯಿತು. ಒಂದು ಗೇಣು ಬಟ್ಟೆ ಕೆಟ್ಟರೂ ನನ್ನಾಕೆಗೆ ಅಂದು ಊಟ ಸೇರುತ್ತಿರಲಿಲ್ಲ.

"ಬೇಡ ಮಗಳೇ, ಬೀಗ ಹಾಕು," ಎಂದೆ.

ಈಗ ಹಾಳೆ ಸರಿಯಾದ ಲೆಕ್ಕ ಹೇಳುತ್ತದೆ. ಇಳಿಸಿಕೊಂಡವರು ಒಳ್ಳೆಯ ಮಾತು ಬರೆಯುತ್ತಾರೆ. ಮಾಡಿದವರ ಹೊಟ್ಟೆ ತಣ್ಣಗಿರಲಿ ಎಂದು ಒಬ್ಬಾಕೆ ಹರಸಿದ್ದಾಳೆ. ನನ್ನ ಮುಂದೆ ಮಾತ್ರ ಅಂಕಿಗಳು ಅಲುಗುವುದಿಲ್ಲ. ಬೆಳಿಗ್ಗೆ ಪ್ರಾರ್ಥನೆಯಾದ ಮೇಲೆ ಅವಳ ಟೇಪು ಹಿಡಿದು ನಮ್ಮ ಕೋಣೆಯ ಕಿಟಕಿಯನ್ನು ಅಳೆಯುತ್ತೇನೆ. ಅಗಲ ತುಂಬುತ್ತೇನೆ. ಬಟ್ಟೆಯ ಲೆಕ್ಕ ಬರುತ್ತದೆ. ಅಳಿಸಿ, ಮತ್ತೆ ತುಂಬುತ್ತೇನೆ.