ಮೈಕ್ ಕೆಳಗಿಟ್ಟ ಪಾಲಾಕ್ಷಪ್ಪ

ಯಾವ ಮಾತನ್ನಾದರೂ ಒಂದೇ ಸಲ ಹೇಳಿ ಸುಮ್ಮನಾಗುವುದು ಪಾಲಾಕ್ಷಪ್ಪನಿಂದ ಆಗುತ್ತಿರಲಿಲ್ಲ. ಆಟೋದ ನೆತ್ತಿಗೆ ತಗಡಿನ ಸ್ಪೀಕರು ಕಟ್ಟಿಕೊಂಡು, ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ಹೋಗುವ ದಾರಿಯ ನಮ್ಮೂರಿನಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಸುದ್ದಿ ಸಾರುತ್ತ ಅರ್ಧ ಆಯುಷ್ಯವನ್ನು ಸವೆಸಿದ ಆ ಮನುಷ್ಯನ ನಾಲಿಗೆಗೆ ಪುನರುಕ್ತಿಯೇ ಸಹಜ ಲಯವಾಗಿಬಿಟ್ಟಿತ್ತು. ಕಣ್ಣಿನ ತಪಾಸಣೆ, ತಪ್ಪಿಸಿಕೊಂಡ ಎಮ್ಮೆ, ಹಿರಿಯರೊಬ್ಬರ ನಿಧನ, ಸೀರೆಗಳ ರಿಯಾಯಿತಿ ಮಾರಾಟ, ಎಲ್ಲವೂ ಅವನ ಕಂಠದಲ್ಲಿ ಸಮಾನ ಗಾಂಭೀರ್ಯದಿಂದ ಎರಡೆರಡು ಸಲ ಹೊರಡುತ್ತಿದ್ದವು. ಊಟಕ್ಕೆ ಕುಳಿತರೂ “ರೊಟ್ಟಿ ಹಾಕು, ರೊಟ್ಟಿ ಹಾಕು” ಎನ್ನುತ್ತಿದ್ದ. “ನನಗ ಕಿವಿ ಅದಾವು” ಎಂದು ಹೆಂಡತಿ ಜಂಬಮ್ಮ, ಅವನು ಎರಡು ಸಲ ಕೇಳಿದ್ದಕ್ಕೆ ಎರಡು ರೊಟ್ಟಿ ಹಾಕಿ ಒಳಗೆ ಹೋಗುತ್ತಿದ್ದಳು.

ಕಲ್ಲೂ ಕಾದು ಬಿರಿಯುವ ನಮ್ಮ ಸೀಮೆಯ ಬೇಸಿಗೆಯಲ್ಲಿ ಅವನು ಬೂದು ಬಣ್ಣದ ಉಣ್ಣೆಯ ಕೋಟು ತೊಡುತ್ತಿದ್ದ. ಅದು ಶೋಕಿಗಲ್ಲ, ಜೇಬುಗಳಿಗಾಗಿ. ಒಂದರಲ್ಲಿ ವೈರು, ಇಕ್ಕಳ, ಅಂಟು ಪಟ್ಟಿ. ಇನ್ನೊಂದರಲ್ಲಿ ಆ ದಿನ ಸಾರಬೇಕಾದ ಚೀಟಿಗಳು. ಆಟೋ ಬರುವ ಮೊದಲು, ಸೈಕಲ್ಲಿನ ಕಾಲದಲ್ಲಿ, ಬ್ಯಾಟರಿಯನ್ನು ಒಂದೇ ಹೆಗಲಿಗೆ ತೂಗುಹಾಕಿಕೊಂಡು ತಿರುಗಿದ್ದರಿಂದ ಅವನ ಬಲಭುಜ ಕೆಳಗೆ ಜಗ್ಗಿ, ನಡಿಗೆಯಲ್ಲಿ ಒಂದು ಓರೆ ಬಂದಿತ್ತು. ದೂರದಿಂದ ನೋಡಿದರೆ ಗೋಡೆಯಾಚೆಯ ಮಾತಿಗೆ ಕಿವಿಯೊಡ್ಡಿ ನಡೆಯುವವನಂತೆ ಕಾಣುತ್ತಿದ್ದ.

ನಾನು ಊರಿನ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಚೀಟಿಯಲ್ಲಿ ಬಿಡಿಸಲಾಗದ ಪದ ಕಂಡರೆ ಅವನು ಆಟೋ ನಿಲ್ಲಿಸಿ ನಮ್ಮ ಕಟ್ಟೆಗೆ ಬಂದು ಕೂರುವನು. “ಸಾರ್, ‘ತತ್ಸಂಬಂಧ’ ಅಂದ್ರ ಏನ್ರಿ? ತಿಳೀಲಾರದ್ದು ಒದರಿದ್ರ ಕತ್ತೆ ಒದರಿದಂಗ ಆಗ್ತೈತ್ರಿ.” ಅರ್ಥ ತಿಳಿದ ಮೇಲೆ ಎದ್ದು ಹೋಗುವವನಲ್ಲ, ಆ ಪದ ಎಲ್ಲಿಂದ ಬಂತು, ಹಾಗೆಯೇ ಏಕೆ ಬರೆದರು ಎಂದು ಕೆದಕಿ ಕೆದಕಿ ನನ್ನ ಚಹಾ ಆರಿಸುತ್ತಿದ್ದ. ಆದರೆ ಚೀಟಿಯ ಮಾತು ಹೊರಗೆ ಹೋದ ಮೇಲೆ ಏನಾಗುತ್ತದೆಂಬ ಕುತೂಹಲ ಮಾತ್ರ ಅವನಿಗೆ ಅಲ್ಲಿಯವರೆಗೆ ಹುಟ್ಟಿರಲಿಲ್ಲ.

ಅದು ಹುಟ್ಟಿದ್ದು ಮುಂಗಾರಿನ ಮೊದಲ ಜೋರು ಮಳೆಯ ನಂತರ. ನಮ್ಮೂರ ಹೊಸಕೇರಿಯಲ್ಲಿ ವಾಂತಿಭೇದಿ ಶುರುವಾಯಿತು. ಚರಂಡಿ ದಾಟುವಲ್ಲಿ ನಲ್ಲಿಯ ಪೈಪು ಎಲ್ಲೋ ಸೀಳಿದೆಯೆಂದು ಅನುಮಾನಿಸಿ, ಅದನ್ನು ಹುಡುಕಿ ಸರಿಪಡಿಸುವತನಕ ಸಾರಲೆಂದು ಪಂಚಾಯ್ತಿಯ ಗುಮಾಸ್ತ ಭೀಮರಾಜ ಒಂದು ಚೀಟಿ ಬರೆದುಕೊಟ್ಟ: “ಸಾರ್ವಜನಿಕರು ನಲ್ಲಿ ನೀರನ್ನು ಕುದಿಸಿ, ಆರಿಸಿ ಕುಡಿಯತಕ್ಕದ್ದು.” ಪಾಲಾಕ್ಷಪ್ಪ ಅದನ್ನು ಸಂದಿಗೊಂದಿ ಬಿಡದೆ, ಗಂಟಲು ಕಟ್ಟುವವರೆಗೆ ಸಾರಿದ.

ಹೀಗಿರುವಾಗ ಒಂದು ಸಂಜೆ ಹೊಸಕೇರಿಯ ಹೊನ್ನೂರಮ್ಮ ಆಟೋಕ್ಕೆ ಅಡ್ಡ ಬಂದು ನಿಂತಳು. ಅವಳ ಸೊಸೆ ಸುಮಲತಾ ತುಂಬು ಬಸುರಿ. ಭೇದಿಯಿಂದ ನಿತ್ರಾಣಳಾಗಿ ಕೊಟ್ಟೂರಿನ ಆಸ್ಪತ್ರೆಯಲ್ಲಿದ್ದಳು. ಬಟ್ಟೆಬರೆ ಒಯ್ಯಲು ಮನೆಗೆ ಬಂದಿದ್ದ ಮುದುಕಿ ಬೈಯಲಿಲ್ಲ, ಅಳಲಿಲ್ಲ.

“ಪಾಲಾಕ್ಷಪ್ಪ, ನೀ ಹೇಳಿದಂಗ ಕುದಿಸೀವಿ, ಆರಿಸೀವಿ. ಹಸೇ ನೀರು ಒಂದು ಗುಟುಕು ಕುಡಿಸಿಲ್ಲ. ಮತ್ಯಾಕ ನನ್ನ ಸೊಸಿ ಅಲ್ಲಿ ಮಲಗ್ಯಾಳ? ಹೇಳು.”

ಅಷ್ಟು ವರ್ಷಗಳ ಸಾರುವಿಕೆಯಲ್ಲಿ ಅವನಿಗೆ ಯಾರೂ ತಿರುಗಿ ಪ್ರಶ್ನೆ ಕೇಳಿರಲಿಲ್ಲ. ಮೈಕನ್ನು ಸೀಟಿನ ಮೇಲಿಟ್ಟು ಕೆಳಗಿಳಿದ. “ಗೊತ್ತಿಲ್ಲ ಯಮ್ಮಾ,” ಎಂದ. ಆಮೇಲೆ, “ಹೆಂಗ ಕುದಿಸ್ತೀಯ, ನನ್ನ ಮುಂದ ಒಮ್ಮಿ ಕುದಿಸು. ನೋಡ್ತೀನಿ.”

ಮರುದಿನ ಮುಂಜಾನೆ ಅವನು ನನ್ನನ್ನೂ ಕರೆದುಕೊಂಡು ಹೋದ. ಕೋಟು ಕಳಚಿ ಮಡಚಿಟ್ಟು, ಹೊನ್ನೂರಮ್ಮನ ಅಡುಗೆಮನೆಯ ಹೊಸ್ತಿಲ ಮೇಲೆ ಕುಕ್ಕರಗಾಲಲ್ಲಿ ಕೂತ. ಅವಳು ನಲ್ಲಿಯ ನೀರನ್ನು ಬಟ್ಟೆಯಲ್ಲಿ ಸೋಸಿ ಪಾತ್ರೆಗೆ ಹಾಕಿ ಒಲೆಗಿಟ್ಟಳು. ನೀರು ಕೊತಕೊತನೆ ಕುದಿಯಿತು. ಇಳಿಸುವ ಅವಸರವನ್ನೂ ಮಾಡಲಿಲ್ಲ. ಮುಚ್ಚಿ ಆರಲು ಬಿಟ್ಟಳು. ನನಗೆ ಎಲ್ಲವೂ ಸರಿಯಾಗಿಯೇ ಕಂಡಿತು. ಆರಿದ ನೀರನ್ನು ಮೂಲೆಯ ಮಣ್ಣಿನ ಗಡಿಗೆಗೆ ಸುರಿಯಲು ಅವಳು ಬಾಗಿದಾಗ ಪಾಲಾಕ್ಷಪ್ಪ ಎದ್ದ.

“ನಿಲ್ಲು ಯಮ್ಮಾ. ಗಡಿಗಿ ತಳದಾಗ ಏನೋ ಹೊಳಿತೈತಿ.”

“ನೀರು.”

“ಯಾವ ನೀರು?”

“ಮೊದಲಿಂದ ಉಳದಿದ್ದು. ಬಸುರಿ ಇರೋ ಮನ್ಯಾಗ ಗಡಿಗಿ ಬರಿದು ಮಾಡಬಾರದಲ್ಲ. ಇಳಿದಂಗ ಕೊಡದಾಗಿಂದು ಒಂದು ಚರಿಗಿ ಹಾಕಿರ್ತೀನಿ, ಅದರ ಮ್ಯಾಲ ಇದನ್ನ...”

ಕೊಡದಲ್ಲಿದ್ದುದು ಹಸಿಯ ನಲ್ಲಿ ನೀರು. ಅದು ಅವಳಿಗೆ ನಾವು ಹೇಳುವ ಮೊದಲೇ ಹೊಳೆಯಿತು. ಪಾತ್ರೆಯನ್ನು ನೆಲಕ್ಕಿಟ್ಟು ಗೋಡೆಗೊರಗಿ ಕೂತಳು.

“ಹಂಗಾದ್ರ ನಾನ ಕುಡಿಸಿದ್ನೇನಪ್ಪ? ನನ್ನ ಕೈಯಾರ?”

ಪಾಲಾಕ್ಷಪ್ಪ ಅವಳೆದುರು ನೆಲದ ಮೇಲೆಯೇ ಕೂತ. “ಇಲ್ಲ ಯಮ್ಮಾ. ನಾನು ಅರ್ಧ ಹೇಳಿದ್ನಿ, ನೀನು ಅರ್ಧ ಮಾಡಿದಿ. ಮಿಕ್ಕ ಅರ್ಧ ನನ್ನ ಚೀಟ್ಯಾಗ ಇರಲಿಲ್ಲ.”

ಅಲ್ಲಿಂದ ನೇರ ಆರೋಗ್ಯ ಉಪಕೇಂದ್ರಕ್ಕೆ ಹೋಗಿ ನರ್ಸಮ್ಮನನ್ನು ಕೇಳಿದೆವು. ಕಾಯಿಲೆ ಅದರಿಂದಲೇ ಬಂತೆಂದು ಖಚಿತವಾಗಿ ಹೇಳಲಾಗದು, ಬಂದಿರಬಹುದು, ಎಂದಳು ಆಕೆ. ಕುದಿಸಿದ ನೀರಿಗೆ ಹಸಿ ನೀರಾಗಲಿ ಕೈಯಾಗಲಿ ತಾಗಿದರೆ ಕುದಿಸಿದ್ದು ವ್ಯರ್ಥವೆಂದೂ, ತೊಳೆದ ಪಾತ್ರೆ, ಬಿಗಿ ಮುಚ್ಚಳ, ಉದ್ದ ಹಿಡಿಯ ಸೌಟು ಬೇಕೆಂದೂ, ಹಲ್ಲುಜ್ಜಿ ಬಾಯಿ ಮುಕ್ಕಳಿಸುವುದಕ್ಕೂ ಅದೇ ನೀರಾಗಬೇಕೆಂದೂ ವಿವರಿಸಿದಳು. ಪಾಲಾಕ್ಷಪ್ಪ ಕೇಳಿದ್ದನ್ನೇ ತಿರುತಿರುಗಿ ಕೇಳಿದ. ಅಂದು ಮಧ್ಯಾಹ್ನ ಸ್ಪೀಕರಿನಿಂದ ಹೊರಟದ್ದು ಕಚೇರಿಯ ಕನ್ನಡವಲ್ಲ: “ಕುದಿಸಿದ ನೀರಿಗಿ ಹಸೇ ನೀರು ಕೂಡಿಸಬ್ಯಾಡ್ರಿ! ಗಡಿಗಿ ಪೂರಾ ತೊಳಕೊಂಡು ತುಂಬ್ರಿ! ಕೈ ಅದ್ದಬ್ಯಾಡ್ರಿ, ಸೌಟು ಹಾಕ್ರಿ!” ಪ್ರತಿಯೊಂದು ಮಾತೂ ಎರಡೆರಡು ಸಲ.

ಭೀಮರಾಜನಿಗೆ ಇದು ಸರಿಬರಲಿಲ್ಲ. ಕೆಟ್ಟವನಲ್ಲ ಅವನು, ಮೇಲಿನವರು ಕೇಳಿದರೆ ಉತ್ತರ ಹೇಳಬೇಕಾದವನು. “ಬರದು ಕೊಟ್ಟಷ್ಟು ಓದೋ ಮಾರಾಯ. ನಾಳಿ ಯಾರಾದ್ರೂ ತಪ್ಪಂದ್ರ?” ಎಂದ. “ತಪ್ಪಿದ್ರ ನರ್ಸಮ್ಮನ್ನ ಕರದು ಕೇಳ್ರಿ, ತಿದ್ದಿ ಬರದು ಕೊಡ್ರಿ, ಅದನ್ನ ಓದ್ತೀನಿ. ಅಲ್ಲೀಮಟ ಅರ್ಧ ಓದಾಂಗಿಲ್ಲ” ಎಂದ ಪಾಲಾಕ್ಷಪ್ಪ. ಚೀಟಿ ತಿದ್ದಿದ್ದೇನೋ ಆಯಿತು. ಆದರೆ ಅದನ್ನು ಯಾರದೋ ಸ್ಪಷ್ಟ ಧ್ವನಿಯಲ್ಲಿ ಮುದ್ರಿಸಿ ಕಸದ ಗಾಡಿಗೆ ಅಳವಡಿಸಿದರು. ಪಂಚಾಯ್ತಿಯ ಸಾರುವ ಕೆಲಸ ಅವನ ಕೈತಪ್ಪಿತು.

ಗಾಡಿ ಸಾರಲು ಹೊರಟ ಮೊದಲ ಬೆಳಿಗ್ಗೆ ನಾನು ಕಂಡ ದೃಶ್ಯ ವಿಚಿತ್ರವಾಗಿತ್ತು. ಕಸದ ಗಾಡಿ ಹಾಡಿಕೊಂಡು ಮುಂದೆ ಹೋಗುತ್ತಿದೆ, ಹಿಂದೆ ಕೋಟು ತೊಟ್ಟ ಪಾಲಾಕ್ಷಪ್ಪ ಓರೆಯಾಗಿ ನಡೆಯುತ್ತ ಮನೆಮನೆಯ ಬಾಗಿಲಲ್ಲಿ ನಿಂತು “ಕೇಳಿಸ್ತೇನ್ರಿ? ಏನು ತಿಳೀತು?” ಎನ್ನುತ್ತಿದ್ದಾನೆ. ಒಬ್ಬಳು, ಸಿಲಿಂಡರು ಬೇಗ ತೀರುತ್ತದೆ ಎಂದಳು. ಇನ್ನೊಬ್ಬ, ಕುದಿಸಿದ ನೀರು ಸಪ್ಪಗಿರುತ್ತದೆ ಎಂದ. ಕಾಸಿದ ನೀರು ಕುಡಿಯಲು ನಾನೇನು ರೋಗಿಷ್ಟನೇ ಎಂದು ಮುದುಕನೊಬ್ಬ ರೇಗಿದ. ಯಾರ ಮಾತನ್ನೂ ಅವನು ಕತ್ತರಿಸಲಿಲ್ಲ. ಅಡುಗೆಯಾದ ಮೇಲೆ ಒಲೆಯ ಕೆಂಡದ ಮೇಲೆಯೇ ನೀರಿಡುವ ಇನ್ನೊಂದು ಮನೆಯವರ ಉಪಾಯವನ್ನು, ಹಿತ್ತಲಲ್ಲಿ ಸೌದೆ ಒಲೆಯೂ ಇದ್ದ ಸಿಲಿಂಡರಿನವಳಿಗೆ ಮುಟ್ಟಿಸಿ, ಕೆಂಡದಲ್ಲಿ ಕುದಿ ಬಾರದಿದ್ದರೆ ಸೌದೆ ಒಟ್ಟಲೇಬೇಕೆಂದ; ತೊಳೆದ ಎರಡು ಪಾತ್ರೆಗಳ ನಡುವೆ ಎತ್ತರದಿಂದ ಸುರಿದು ಸುರಿದು ನೀರಿಗೆ ರುಚಿ ಬರಿಸುವುದನ್ನು ಸಪ್ಪೆಯೆಂದವನಿಗೆ ತಾನೇ ಮಾಡಿ ತೋರಿಸಿದ.

“ನಿನಗೆ ಇದರಿಂದ ಬರುವುದೇನಪ್ಪ?” ಎಂದೆ.

“ಗಾಡಿಗೆ ಬಾಯಿ ಐತ್ರಿ ಸಾರ್, ಕಿವಿ ಎಲ್ಲೈತಿ?” ಎಂದ.

ಚರಂಡಿಯೊಳಗಿನ ಸೀಳು ಸಿಕ್ಕಿ ಪೈಪು ಬದಲಾಯಿತು. ಹೊಸಕೇರಿಯಲ್ಲಿ ಕಾಯಿಲೆ ಇಳಿಯಿತು. ಸುಮಲತಾ ಚೇತರಿಸಿಕೊಂಡು ಮನೆಗೆ ಬಂದಳು, ಮುಂದೆ ಹೆಣ್ಣುಮಗುವನ್ನು ಹೆತ್ತಳು. ಹೊನ್ನೂರಮ್ಮನ ಅಡುಗೆಮನೆಯಲ್ಲಿ ಈಗ ಕುಡಿಯುವುದಕ್ಕೆ ಮುಚ್ಚಳವಿರುವ, ನಲ್ಲಿ ಕೂಡಿಸಿದ ಸ್ಟೀಲ್ ಪಾತ್ರೆಯಿದೆ. ದೇವರ ಮುಂದೆ ಒಂದು ಪುಟ್ಟ ಗಡಿಗೆಯಿದೆ. ಅದು ಎಂದೂ ಬರಿದಾಗುವುದಿಲ್ಲ, ಅದರ ನೀರನ್ನು ಯಾರೂ ಕುಡಿಯುವುದಿಲ್ಲ. ಆ ಏರ್ಪಾಡು ಪಾಲಾಕ್ಷಪ್ಪನದು. “ಶಾಸ್ತ್ರಾನೂ ಉಳೀಲಿ, ಸೊಸೀನೂ ಉಳೀಲಿ” ಎಂದಿದ್ದನಂತೆ.

ಹಿತವಚನ ಹೇಳುವವರಿಗೆ ನಮ್ಮಲ್ಲಿ ಯಾವತ್ತೂ ಬರವಿಲ್ಲ. ಗೋಡೆಗಳು ಹೇಳುತ್ತವೆ, ಫೋನುಗಳು ಹೇಳುತ್ತವೆ, ನಾನೂ ತರಗತಿಯಲ್ಲಿ ದಿನವಿಡೀ ಹೇಳುತ್ತೇನೆ. ಹೇಳಿದೊಡನೆ ನಮ್ಮ ಪಾಲಿನ ಧರ್ಮ ತೀರಿತೆಂದು ಕೈ ತೊಳೆದುಕೊಳ್ಳುತ್ತೇವೆ. ತಮ್ಮ ಮಾತು ಇನ್ನೊಬ್ಬರ ಮನೆಯೊಳಗೆ ಹೋಗಿ ಏನಾಯಿತು, ಯಾರ ಭಯದೊಡನೆ ಬೆರೆಯಿತು, ಯಾರ ಪ್ರೀತಿಯೊಳಗೆ ಸಿಕ್ಕಿ ಅರ್ಧವಾಯಿತು ಎಂದು ಹೊಸ್ತಿಲಲ್ಲಿ ಕೂತು ನೋಡುವ ಜನ ಮಾತ್ರ ವಿರಳ. ಅಂಥವರು ಊರಿಗೆ ಒಬ್ಬರು ಸಿಕ್ಕರೆ ಹೆಚ್ಚು. ಅವರಿಗೆ ಉತ್ತರ ಗೊತ್ತಿರುವುದಿಲ್ಲ. ಗೊತ್ತಿಲ್ಲವೆಂದು ಹೇಳಿ ಒಳಗೆ ಬರುವ ಧೈರ್ಯವಿರುತ್ತದೆ.