ಸಾವಂತ್ರಿಯ ಕಣ್ಣ ಸುತ್ತಿನ ಕಪ್ಪು

ಅಳಿಯ ಉಳಿವೆಪ್ಪನ ತಲೆಗೆ ಸುತ್ತಿದ ಪಟಗವನ್ನು ಹಿರಿಯರೆದುರು ನೆಲಕ್ಕೆ ಬೀಳಿಸಬೇಕೆಂದು ಅಡಿವೆವ್ವ ನಿಶ್ಚಯಿಸಿದ್ದು ರಟ್ಟೀಹಳ್ಳಿಯಲ್ಲಿ, ಅವನದೇ ಪಡಸಾಲೆಯಲ್ಲಿ ಕುಳಿತು.

ಮಗಳು ಸಾವಂತ್ರಿಯನ್ನು ನೋಡಿಬರಲು ಹೋಗಿದ್ದಳು. ಮಗಳ ಎರಡೂ ಕಣ್ಣಿನ ಸುತ್ತ ನೇರಳೆ ಹಣ್ಣು ಒರೆಸಿದಂಥ ಕಪ್ಪು. "ಯಾರು ಹೊಡದಾರ, ಹೇಳ ನನ್ನವ್ವಾ" ಎಂದರೆ ಸುಮ್ಮನೆ ತಲೆ ಅಲ್ಲಾಡಿಸಿದಳು. ಏನೋ ಹೇಳಲು ಹೋದಳು, ಮಾತು ಬಾಯಲ್ಲೇ ತೊಡರಿತು. ಹೆದರಿಕೆಯಿಂದ ಮಗಳಿಗೆ ಮಾತೇ ಹೋಗಿದೆ ಎಂದು ಅಡಿವೆವ್ವನಿಗೆ ಅನಿಸಿತು.

ಎಲ್ಲವನ್ನೂ ಅವಳು ಕಣ್ಣಲ್ಲೇ ಗುರುತು ಹಾಕಿಕೊಂಡಳು. ಸಾವಂತ್ರಿ ಏಳುವಾಗಲೆಲ್ಲ ಉಳಿವೆಪ್ಪ ರಟ್ಟೆ ಹಿಡಿಯುತ್ತಿದ್ದ; ಎಳೆದಾಡುತ್ತಾನೆ ಎಂದುಕೊಂಡಳು. ರೊಟ್ಟಿಯನ್ನು ಹಾಲಿನಲ್ಲಿ ನುರಿದು ಬಟ್ಟಲು ಮುಂದಿಡುತ್ತಿದ್ದ. ನಾಯಿಗೆ ಹಾಕಿದಂತೆ ಹಾಕುತ್ತಾನೆ. ಮದುವೆಯಾದ ಹೊಸತರಲ್ಲಿ ಅವನು ಹೆಂಡತಿಯ ಮೇಲೆ ಒಮ್ಮೆ ಕೈಮಾಡಿದ್ದು ಎರಡೂ ಊರಿಗೆ ಗೊತ್ತಿತ್ತು. ಅಂಥವನ ಮನೆಯಲ್ಲಿ ಅಡಿವೆವ್ವ ನೀರನ್ನೂ ಮುಟ್ಟಲಿಲ್ಲ. ಅವನು ನೀಡಿದ ತಂಬಿಗೆಯನ್ನು ಹಾಗೇ ಬಿಟ್ಟು, ಮಗಳನ್ನು ಕರೆದುಕೊಂಡು ತನ್ನೂರು ಹಿರೇಬೆಂಡಿಗೇರಿಯ ಹಾದಿ ಹಿಡಿದಳು.

"ಕರಕೊಂಡು ಹೋಗಾಕ ಬರ್ತಾನಲ್ಲ, ಬರ್ಲಿ," ಎಂದಳು ಮಗ ಗುದ್ಲೆಪ್ಪನಿಗೆ. "ಅವತ್ತ ಊರ ಹಿರ್ಯಾರನ್ನ ಕೂಡಸು. ಪಟಗ ಬೀಳಬೇಕು. ಹೊಡದ ಕೈ ಹಿಡದು, ಈ ಕೈ ಇನ್ನ ಈಕೀನ್ನ ಮುಟ್ಟೂದಿಲ್ಲ ಅಂತ ಹೇಳಸಬೇಕು."

ಉಳಿವೆಪ್ಪ ಬರುವಷ್ಟರಲ್ಲಿ ಮೂರು ವಾರ ಕಳೆದಿದ್ದವು. ಗುರುತು ಅಳಿದೀತೆಂದು ಅಡಿವೆವ್ವ ಮಗಳ ತಲೆಗೆ ಒಮ್ಮೆಯೂ ಎರೆದಿರಲಿಲ್ಲ. ಕಪ್ಪು ಹಳದಿಗೆ ತಿರುಗಿ ಪೂರಾ ಮಾಸಿಹೋಗಿತ್ತು. ಸಾಕ್ಷಿಯೇ ಅಳಿಸಿಹೋಯಿತಲ್ಲ ಎಂದು ಅಡಿವೆವ್ವ ಒಳಗೊಳಗೇ ಕುದಿದಳು. ಇರಲಿ, ಮಗಳನ್ನು ಮಹಾರಾಣಿಯ ಹಾಗೆ ಹೊರಗೆ ಕರೆತರುತ್ತೇನೆ, ಕಳೆದುಕೊಂಡದ್ದು ಏನೆಂದು ಅವನು ನೋಡಲಿ ಎಂದುಕೊಂಡು ಬಚ್ಚಲ ಹಂಡೆಗೆ ಉರಿ ಹಾಕಿದಳು.

ಪಡಸಾಲೆಯಲ್ಲಿ ಹಿರಿಯರು ಸೇರಿದ್ದರು. ಬಚ್ಚಲ ಗೋಡೆಯಾಚೆಗೆ ಮಾತೆಲ್ಲ ಕೇಳುತ್ತಿತ್ತು. ಅಡಿವೆವ್ವ ಮಗಳನ್ನು ಮುಂದಕ್ಕೆ ಬಗ್ಗಿಸಿ ಕೂರಿಸಿ, ಎಣ್ಣೆ ಹಚ್ಚಿದ ತಲೆಗೆ ಸೀಗೆಪುಡಿ ಹಾಕಿ ತಿಕ್ಕತೊಡಗಿದಳು.

"ಯಾಕೋ ಉಳಿವೆಪ್ಪ, ಹೆಣ್ಮಗಳನ್ನ ಹೊಡದಿಯಂತಲ್ಲ?" ಹಿರಿಯ ಅಜ್ಜಪ್ಪನ ದನಿ.

"ಇಲ್ರಿ. ಆಗ ಒಮ್ಮೆ ಹೊಡದದ್ದು ಖರೇ. ಇದು ನಂದಲ್ರಿ."

"ಮತ್ತ ಕಣ್ಣು ಯಾಕ ಕಪ್ಪಾದ್ವು?"

"ಆಕಿ ಬೆರಳು ಜೋಮು ಹಿಡಿತಾವ್ರಿ. ತಲಿಗೆ ನಾನ ಎರಿತೇನಿ. ಎರದ ಮ್ಯಾಲೆ ಹಂಗಾಗತೈತ್ರಿ."

ಪಡಸಾಲೆಯೆಲ್ಲ ನಕ್ಕಿತು. "ನೀರು ಹೊಡಿತಂತ್ರೆಪಾ!" ಗುದ್ಲೆಪ್ಪ ಕೂಗಿದ. "ಹಿರ್ಯಾರ, ಹಂಡೇದ ಮ್ಯಾಲೆ ಫಿರ್ಯಾದಿ ಕೊಡೋಣೇನು?"

ಬಚ್ಚಲಲ್ಲಿ ಅಡಿವೆವ್ವನೂ ನಕ್ಕಳು. ಸಿಟ್ಟಿನ ನಗು. ಆ ಸಿಟ್ಟಿನಲ್ಲೇ ಮಗಳ ತಲೆಯನ್ನು ಇನ್ನಷ್ಟು ಬಗ್ಗಿಸಿ ಗಸಗಸ ತಿಕ್ಕಿದಳು. ಕಣ್ಣಿಗಿಳಿದ ಸೀಗೆಯನ್ನು ಎರಡೂ ಹೆಬ್ಬೆರಳಿನಿಂದ ಒತ್ತಿ ಒರೆಸಿದಳು. ಸಾವಂತ್ರಿ ಕೆಮ್ಮಿದಳು. ಹೊರಗೆ ಏನೋ ಮೆತ್ತಗೆ ನೆಲಕ್ಕೆ ಬಿದ್ದ ಸದ್ದು, ನಂತರ ಗುದ್ಲೆಪ್ಪನ ಏದುಸಿರು. ಪಟಗ ಬಿತ್ತು! ಅಡಿವೆವ್ವನ ಎದೆ ತಣ್ಣಗಾಯಿತು.

ನೀರು ಸುರಿದು ಮಗಳ ಮುಖ ಎತ್ತಿದಳು.

ಬಿಳುಪಾಗಿದ್ದ ರೆಪ್ಪೆಗಳ ಮೇಲೆ ಕೆಂಪು ಚುಕ್ಕೆಗಳು ಎದ್ದಿದ್ದವು. ಅವಳು ನೋಡುತ್ತಿದ್ದಂತೆಯೇ ಚುಕ್ಕೆಗಳು ಒಂದಕ್ಕೊಂದು ಕೂಡಿ ನೇರಳೆ ಬಣ್ಣ ಕಣ್ಣಿನ ಸುತ್ತ ಹರಡಿತು. ಮೊದಲು ಅಡಿವೆವ್ವನಿಗೆ ಹುಟ್ಟಿದ್ದು ಖುಷಿ. ಸಾಕ್ಷಿ ಮರಳಿ ಬಂದಿತ್ತು! ಮರುಗಳಿಗೆ ತನ್ನ ಹೆಬ್ಬೆರಳುಗಳನ್ನು ನೋಡಿಕೊಂಡಳು.

"ಯವ್ವಾ," ಎಂದಳು ಸಾವಂತ್ರಿ ದಪ್ಪ ನಾಲಗೆಯಲ್ಲಿ, "ಅವ್ರು... ಹೊಡದಿಲ್ಲ."

ಅಡಿವೆವ್ವ ಒದ್ದೆ ಕೂದಲಿನ ಮಗಳನ್ನು ಹಾಗೇ ಪಡಸಾಲೆಗೆ ತಂದು ನಿಲ್ಲಿಸಿದಳು. ಪಟಗ ನೆಲದ ಮೇಲಿತ್ತು. ಬರಿದಲೆಯ ಅಳಿಯನನ್ನು ನೋಡಲಾರದೆ ಅಜ್ಜಪ್ಪ ಮುಖ ಆಚೆ ತಿರುಗಿಸಿ ಕುಳಿತಿದ್ದ. "ಇದನ್ನ ಮಾಡಿದ್ದು ಈ ಕೈ. ಈಗ, ಬಚ್ಚಲದಾಗ," ಎಂದು ಅಡಿವೆವ್ವ ಎರಡೂ ಕೈ ಮುಂದೆ ಚಾಚಿದಳು. ಉಳಿವೆಪ್ಪ ಪಟಗ ಎತ್ತಿ ಜಾಡಿಸಿ, ನೆಗಡಿಯಾದೀತೆಂದು ಹೆಂಡತಿಯ ಒದ್ದೆ ತಲೆಗೆ ಸುತ್ತಿದ.

ಮರುದಿನ ಮೂವರೂ ಸವಣೂರಿಗೆ ಹೋದರು. ಮೋಟಾರು ಕುಲುಕಿದಾಗಲೆಲ್ಲ ಉಳಿವೆಪ್ಪ ಹೆಂಡತಿಯ ತಲೆಗೂ ಕಿಟಕಿಯ ಸರಳಿಗೂ ನಡುವೆ ಅಂಗೈ ಇಡುತ್ತಿದ್ದುದನ್ನು ಅಡಿವೆವ್ವ ನೋಡಿದಳು. ಈ ಸಲ ಅದಕ್ಕೆ ಬೇರೆ ಅರ್ಥ ಹಚ್ಚಲಾಗಲಿಲ್ಲ.

ಡಾಕ್ಟರ್ ಮುನವ್ವರಾ ವಯಸ್ಸಿನಲ್ಲಿ ಚಿಕ್ಕವರು. ತಣ್ಣಗಿನ ಕೈಯನ್ನು ಮೊದಲು ಉಜ್ಜಿ ಬೆಚ್ಚಗೆ ಮಾಡಿಕೊಂಡೇ ಸಾವಂತ್ರಿಯನ್ನು ಮುಟ್ಟಿದರು. ನಾಲಗೆ ಚಾಚಲು ಹೇಳಿದರು. ಅದು ದಪ್ಪಗೆ ಗಟ್ಟಿಯಾಗಿತ್ತು, ಅಂಚಿನುದ್ದಕ್ಕೂ ಹಲ್ಲಿನ ಗುರುತು. ಹೆಬ್ಬೆರಳಿನ ಬುಡದ ಮಾಂಸ ಇಂಗಿಹೋಗಿತ್ತು. ಮಣಿಕಟ್ಟನ್ನು ಮೆಲ್ಲಗೆ ತಟ್ಟಿದಾಗ ಬೆರಳಿಗೆ ಜುಮ್ ಎಂದಿತು. ಪಕ್ಕೆಲುಬಿನ ಕೆಳಗೆ ಲಿವರು ಹಲಗೆಯಂತೆ ಕೈಗೆ ಹತ್ತಿತು. ಕಾಲನ್ನು ಒತ್ತಿದ ಕಡೆ ಕುಳಿ ಹಾಗೇ ಉಳಿಯಿತು. ಮಲಗಿಸಿ ರಕ್ತದೊತ್ತಡ ನೋಡಿ, ಎಬ್ಬಿಸಿ ನಿಲ್ಲಿಸಿ ಮತ್ತೆ ನೋಡಿದರು. ನಿಂತೊಡನೆ ಅದು ಕೆಳಗಿಳಿದು, ಸಾವಂತ್ರಿ ಓಲಾಡಿದಳು. ಉಳಿವೆಪ್ಪ ರಟ್ಟೆ ಹಿಡಿದ.

"ಚಲೋ ಹಿಡದ್ರಿ," ಎಂದರು ಡಾಕ್ಟರು. "ಇಲ್ಲಾಂದ್ರ ಎಂದೋ ಬಿದ್ದು ತಲಿ ಒಡಕೋತಿದ್ರು."

ಅಮಿಲಾಯ್ಡೋಸಿಸ್ ಇರಬಹುದು ಎಂದರು. ಹುಬ್ಬಳ್ಳಿಯಲ್ಲಿ ಮಾಂಸದ ಸಣ್ಣ ಚೂರು ತೆಗೆದು ನೋಡಿದರೇ ಖಾತ್ರಿ. ಮೈಯೊಳಗೆ ಬೇಡವಾದ ಒಂದು ಪದಾರ್ಥ ಹುಟ್ಟಿ ನಾಲಗೆ, ಲಿವರು, ನರ, ಎಲ್ಲೆಂದರಲ್ಲಿ ಕೂಡುತ್ತದೆ. ರಕ್ತನಾಳಗಳು ಅಳ್ಳಕವಾಗಿ, ಬಗ್ಗಿದರೆ, ಕೆಮ್ಮಿದರೆ, ಉಜ್ಜಿದರೆ ಕಣ್ಣ ಸುತ್ತ ರಕ್ತ ಇಳಿಯುತ್ತದೆ.

"ಔಷಧ?" ಅಡಿವೆವ್ವ ಕೇಳಿದಳು.

ಡಾಕ್ಟರು ಅವಳ ಕೈ ಹಿಡಿದುಕೊಂಡರು. ಕಾಲಿನ ಬಾವು ಇಳಿಸುವುದಕ್ಕೆ ಇದೆ ಎಂದರು. ರೋಗದ ಬೇರಿಗೆ ಹತ್ತುವಂಥದ್ದು ಆ ಕಾಲಕ್ಕೆ ಇನ್ನೂ ಬಂದಿರಲಿಲ್ಲ; ಅದನ್ನೂ ಹೇಳಿದರು.

"ಈತ ಹೊಡದಿದ್ರ ಚಲೋ ಇತ್ತವ್ವಾ," ಎಂದಳು ಅಡಿವೆವ್ವ. "ಹೊಡಿಯೋ ಕೈಯಿಂದ ಬಿಡಿಸ್ಕೊಂಡು ಮಗಳನ್ನ ಮನೀಗೆ ಒಯ್ತಿದ್ದೆ. ಈಗ ಯಾರಿಂದ ಬಿಡಿಸ್ಕೊಳ್ಳಿ?"

ಮೋಟಾರು ನಿಲ್ಲುವ ಜಾಗದಲ್ಲಿ, ಬೇವಿನ ನೆರಳಲ್ಲಿ ಸಾವಂತ್ರಿಯನ್ನು ಕೂರಿಸಿದರು. ಅಡಿವೆವ್ವನ ಹಲ್ಲು ಇನ್ನೂ ಕಚ್ಚಿಕೊಂಡೇ ಇದ್ದವು. ಉಳಿವೆಪ್ಪ ತಂಬಿಗೆಯಲ್ಲಿ ನೀರು ತಂದು ಹೆಂಡತಿಗೆ ಗುಟುಕು ಗುಟುಕಾಗಿ ಕುಡಿಸಿ, ಅತ್ತೆಯ ಮುಂದೆ ಹಿಡಿದ.

"ನಂಗ ಯಾರನ್ನಾರ ಹರದು ತಿನ್ನಬೇಕು ಅನಸ್ತೈತೋ," ಎಂದಳು ಅಡಿವೆವ್ವ.

"ಆ ಸಿಟ್ಟಿಗೆ ನಂದ ಹೆಸರು ಇಟ್ಕೊರಿ ಅತ್ತಿ. ನಾ ಇರ್ತೇನಿ."

"ಆ ಮೊದಲಿನ ಏಟು ನಾ ಮರತಿಲ್ಲ."

"ನಾನೂ ಮರತಿಲ್ರಿ."

ಅಡಿವೆವ್ವ ಅವನ ಮುಖವನ್ನು ತುಸು ಹೊತ್ತು ನೋಡಿದಳು. ಆಮೇಲೆ ತಂಬಿಗೆಗೆ ಕೈ ಚಾಚಿದಳು.