ಓಡಿ ಬಂದು ಮಲಗುವವಳು

"ಹೊಟ್ಟೆ ಮೇಜಿಗೆ ತಾಗ್ತದಂತೆ! ಮೇಜೇನು ನಿನ್ನ ಮಾವನಾ, ನಾಚ್ಕೊಳ್ಳೋಕೆ? ತಿಕ್ಕೇ, ಮುಂಡೇದೇ!"

ಲಾಂಡ್ರಿ ಮಾಲೀಕನ ಬಾಯಿಗೆ ಬೀಗವಿರಲಿಲ್ಲ. ಏಳು ತಿಂಗಳ ಬಸುರಿ ಇಸ್ತ್ರಿಯವಳು ಚಾದರ ತಿಕ್ಕುತ್ತಲೇ ಇದ್ದಳು. ಹಿಂದಿನ ಎರಡು ಮಕ್ಕಳೂ ಇದೇ ಏಳನೇ ತಿಂಗಳಲ್ಲಿ, ಇದೇ ಮೇಜಿನ ಮುಂದೆ ನೋವು ಬಂದು ಅವಸರಪಟ್ಟು ಹುಟ್ಟಿ, ಅಳುವುದಕ್ಕೂ ಪುರುಸೊತ್ತಿಲ್ಲದೆ ಹೋಗಿಬಿಟ್ಟಿದ್ದವು. ಈ ಮೂರನೆಯದು ಉಳಿದರೆ ಸಾಕು, ಬೇರೇನೂ ಅವಳಿಗೆ ಬೇಕಿರಲಿಲ್ಲ.

ಎಡಮಗ್ಗುಲಾಗಿ ಮಲಗಿಯೇ ಇರಬೇಕೆಂದು ಆಸ್ಪತ್ರೆಯವರು ಹೇಳಿದ್ದರು. ಮಲಗಿದ್ದಾಳೋ ಇಲ್ಲವೋ ನೋಡಲು ಪ್ರತಿ ಮಂಗಳವಾರ ನರ್ಸಮ್ಮ, ಲಾಂಡ್ರಿಯ ಹಿತ್ತಿಲಲ್ಲಿ ಮಾಲೀಕ ಕೊಟ್ಟಿದ್ದ ಅವಳ ಕೋಣೆಗೆ ಬರುತ್ತಿದ್ದಳು. ಲಾಂಡ್ರಿಗೆ ಬರುವ ಚಾದರಗಳೆಲ್ಲ ಅದೇ ಆಸ್ಪತ್ರೆಯವು, ಅವರು ಮುನಿದರೆ ಗುತ್ತಿಗೆಯೇ ಹೋದೀತು. ಹಾಗಾಗಿ ಅವಳು ಮಲಗಿದ್ದಂತೆ ಕಾಣಬೇಕಾದದ್ದು ಮಾಲೀಕನಿಗೂ ಅಗತ್ಯ. ಗೇಟಿನ ಹತ್ತಿರ ಸ್ಕೂಟರಿನ ಸದ್ದಾದರೆ ಮೇಸ್ತ್ರಿ ಸೀಟಿ ಊದಬೇಕು, ಇವಳು ಇಸ್ತ್ರಿಪೆಟ್ಟಿಗೆ ಬಿಟ್ಟು ಹಿತ್ತಿಲ ಕೋಣೆಗೆ ಓಡಬೇಕು, ಮಂಚ ಹತ್ತಿ ಹೊದ್ದುಕೊಳ್ಳಬೇಕು. ವಿಶ್ರಾಂತಿಗೆಂದು ಇಷ್ಟು ಓಡಿದ ಹೆಂಗಸು ಪ್ರಪಂಚದಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ. ಬಾಯಿಬಿಟ್ಟರೆ ಕೆಲಸವೂ ಹೋಯಿತು, ಕೋಣೆಯೂ ಹೋಯಿತು.

ಆ ಮಂಗಳವಾರವೂ ಸೀಟಿ ಕೂಗಿತು, ಓಡಿದಳು. ಮಂಚಕ್ಕೆ ಬೀಳುವಷ್ಟರಲ್ಲಿ ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿ, ನಿಧಾನಕ್ಕೆ ಸಡಿಲಾಯಿತು.

ನರ್ಸಮ್ಮ ನಾಡಿ ಹಿಡಿದಳು. "ಮಲಗಿದೋಳ ಎದೆ ಯಾಕಮ್ಮ ಹೀಗೆ ಹೊಡ್ಕೋತಿದೆ?"

"ನಿಮ್ಮನ್ನ ಕಂಡ್ರೆ ಅಷ್ಟು ಪ್ರೀತಿ ಸಿಸ್ಟರ್" ಎಂದು ಬಾಗಿಲಲ್ಲಿದ್ದ ಮಾಲೀಕ ಹಲ್ಲುಕಿರಿದ.

"ಮೈಯೆಲ್ಲ ಬೆವರು?"

"ಸೆಕೆ. ಮಹಾರಾಣಿ ಮಂಚ ಬಿಟ್ಟು ಏಳೋದೇ ಇಲ್ಲ!"

"ಹೊಟ್ಟೆ ಈಗಷ್ಟೇ ಗಟ್ಟಿಯಾಗಿತ್ತು ಅಕ್ಕಾ" ಎಂದಳು ಇಸ್ತ್ರಿಯವಳು.

ನರ್ಸಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕಾದಳು. "ಇನ್ನೊಂದು ಸಲ ಹೀಗಾದ್ರೆ ತಡ ಮಾಡ್ಬೇಡಿ. ನಿಮ್ಮ ಗಾಡೀಲಿ ಮಲಗಿಸ್ಕೊಂಡೇ ಬನ್ನಿ. ನಾನು ಹೋಗಿ ಡಾಕ್ಟರಿಗೆ ಹೇಳಿರ್ತೀನಿ."

"ಧಾರಾಳವಾಗಿ!" ಎಂದ ಮಾಲೀಕ.

ಸ್ಕೂಟರಿನ ಸದ್ದು ಅಡಗಿತು. "ಏಳೇ. ಸಂಜೆಗೆ ಚಾದರ ಕಳಿಸ್ಬೇಕು."

ಹೊಟ್ಟೆ ಮತ್ತೆ ಗಟ್ಟಿಯಾಯಿತು. ಇಸ್ತ್ರಿಯವಳು ಮಂಚದ ಅಂಚು ಹಿಡಿದಳು. "ಗಾಡಿ ತರಿಸಿ ಧಣಿ."

"ಗಾಡಿ ಇರೋದು ಬಟ್ಟೆಗೆ ಕಣೇ, ನಿನ್ನ ಬಸಿರಿಗಲ್ಲ. ಏಳು!"

"ಏಳಲ್ಲ. ಮಂಚ ಬಿಟ್ಟು ಏಳೋದೇ ಇಲ್ಲ ಅಂತ ನೀವೇ ಈಗ ಅಂದ್ರಲ್ಲ. ದೊಡ್ಡೋರ ಮಾತು ಸುಳ್ಳಾಗಬಾರದು."

ಹೊರಗೆ ಇಸ್ತ್ರಿ ಮಾಡುತ್ತಿದ್ದ ಉಳಿದ ಹೆಂಗಸರು ಕಿಸಕ್ಕೆಂದರು. ಮಾಲೀಕನಿಗೆ ಮೈಯೆಲ್ಲ ಉರಿದುಹೋಯಿತು. ಬಾಯ್ಲರಿಗೆ ಸೌದೆ ಹಾಕುವ ಅವಳ ಗಂಡನನ್ನೂ ಇನ್ನು ಮೂವರನ್ನೂ ಕೂಗಿ ಕರೆದ. "ಎತ್ರೋ ಮಂಚಾನ! ಇಸ್ತ್ರಿ ಮೇಜಿನ ಹತ್ರ ಇಳಿಸಿ. ಮಲಗ್ಕೊಂಡೇ ತಿಕ್ಕಲಿ ಇವಳು!"

ನಾಲ್ವರೂ ಮಂಚಕ್ಕೆ ಹೆಗಲು ಕೊಟ್ಟರು. ಗಂಡ ಮಾಲೀಕನೆದುರು ಎಂದೂ ತಲೆಯೆತ್ತಿದವನಲ್ಲ, ಈಗಲೂ ಎತ್ತಲಿಲ್ಲ. ತಲೆ ತಗ್ಗಿಸಿಕೊಂಡೇ, ಇಸ್ತ್ರಿ ಕೋಣೆಯ ಬಾಗಿಲಿಗೆ ತಿರುಗದೆ, ನೇರ ಗೇಟಿನ ಕಡೆ ನಡೆದ. ಉಳಿದ ಮೂವರೂ ಅವನ ಜೊತೆಗೇ ಹೆಜ್ಜೆ ಹಾಕಿದರು.

"ಈ ಕಡೆ ಕಣ್ರೋ, ಕುರುಡು ನನ್ಮಕ್ಳಾ!"

ಮಾಲೀಕನದೇ ಅಪ್ಪಣೆಯಿರಬೇಕೆಂದುಕೊಂಡು ಕಾವಲಿನವನು ಗೇಟು ತೆಗೆದ. ಹೆಂಗಸರು ಇಸ್ತ್ರಿಪೆಟ್ಟಿಗೆಗಳನ್ನು ಇದ್ದಲ್ಲೇ ಬಿಟ್ಟು ಮಂಚದ ಹಿಂದೆ ಹೊರಟರು. "ಧಣಿ, ಚಾದರ ಸುಡ್ತಿದೆ, ಸ್ವಲ್ಪ ನೋಡ್ಕೊಳ್ಳಿ!" ಎಂದು ಒಬ್ಬಳು ಕೂಗಿ ಹೇಳಿದಳು. ಮಾಲೀಕ ಗೇಟಿನ ಕಡೆ ನಾಲ್ಕು ಹೆಜ್ಜೆ ಓಡಿದ, ಹೊಗೆ ಕಂಡು ಒಳಗೆ ಓಡಿದ, ಮತ್ತೆ ಗೇಟಿಗೆ ಬಂದ.

ಆಸ್ಪತ್ರೆ ಇನ್ನೂ ಮೂರು ಬೀದಿ ದೂರವಿತ್ತು. ನಾಲ್ವರ ಹೆಗಲ ಮೇಲೆ ಮಂಚ, ಹಿಂದೆ ಹೆಂಗಸರ ಗುಂಪು. ಕಂಡವರು ಅಂಗಡಿಯಿಂದ ಇಳಿದು ಕೈಮುಗಿದು ನಿಂತರು. ಹೊಟ್ಟೆ ಮೂರನೇ ಸಲ ಗಟ್ಟಿಯಾಗುತ್ತಿತ್ತು. ಎದುರಿಗೆ ಲಾರಿ ನಿಲ್ಲಿಸಿದವನು ಇಳಿದು ಬಂದು, "ಪಾಪ, ಯಾರ ಹೆಣ?" ಎಂದ.

ಇಸ್ತ್ರಿಯವಳು ಹೊದಿಕೆ ಕಿತ್ತೆಸೆದು ಅಷ್ಟೆತ್ತರದಿಂದ ಗುಡುಗಿದಳು.

"ಇನ್ನೂ ಬದುಕಿದೀವಿ ಕಣೋ, ಇಬ್ರೂ! ಲಾರಿ ತೆಗಿ, ದಾರಿ ಬಿಡು!"